ಆರು ಮನೆ, ಒಂದೇ ತೋಟ: ಮಣ್ಣು, ನೀರಿನ ಲೆಕ್ಕ ಹೇಗೆ?

ಹೊಲಮನೆ: ಕೋಲಾರದ ಕಡೆ ನಮ್ಮದು ಒಂದು ಎಕರೆ ಕೆಂಪುಮಣ್ಣಿನ ಜಮೀನು. ಆರು ಕುಟುಂಬ, ಒಟ್ಟು 24 ಜನ. ಸದ್ಯಕ್ಕೆ ತಲಾ 60 ಚದರ ಮೀಟರ್ ಮನೆ, ಮುಂದೆ ಬೇಕಾದವರು 3x3 ಮೀಟರಿನ ಕೋಣೆ ಸೇರಿಸಿಕೊಳ್ಳುವ ಹಾಗೆ ನಕ್ಷೆ. ತರಕಾರಿ ಎಲ್ಲರದ್ದೂ ಒಟ್ಟಿಗೆ. ಗೋಡೆಗೆ ಜಾಗದ ಮಣ್ಣಿನಲ್ಲೇ ಬ್ಲಾಕ್ (ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತುವ, ಸುಡದ ಮಣ್ಣಿನ ಇಟ್ಟಿಗೆ) ಒತ್ತಬಹುದೇ? ಬೋರ್‌ವೆಲ್ ಒಂದೇ ಇದೆ, ನೀರೂ ಕಡಿಮೆ. ಎಷ್ಟು ಗುಂಟೆ ತರಕಾರಿ ಹಾಕಬಹುದು? ಬಚ್ಚಲ ನೀರು ತೋಟಕ್ಕೆ ಬಿಡಬಹುದೇ?

ಮಣ್ಣುಗಾರೆ: ಖಂಡಿತ ಒತ್ತಬಹುದು. ಆದರೆ ಮೇಲಿನ ಮುಕ್ಕಾಲು ಅಡಿ ಮಣ್ಣನ್ನು ಬ್ಲಾಕಿಗೆ ಹಾಕಲೇಬೇಡಿ. ಅದರಲ್ಲಿ ಬೇರು, ಕೊಳೆತ ಎಲೆ ಇರುತ್ತದೆ, ಸಿಮೆಂಟ್ ಹಿಡಿಯುವುದಿಲ್ಲ. ಅದೇ ಮಣ್ಣು ತರಕಾರಿ ಮಡಿಗೆ ಚಿನ್ನ. ಕೆರೆದು ಒಂದು ಕಡೆ ಗುಡ್ಡೆ ಹಾಕಿ, ಕೆಳಗಿನದನ್ನು ಬ್ಲಾಕಿಗೆ ತೆಗೆಯಿರಿ.

ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಪಾಲು ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು ಹಾಕಿ ಕುಲುಕಿ ಒಂದು ದಿನ ಬಿಡಿ. ಮೇಲೆ ನಿಲ್ಲುವ ನುಣುಪು ಪದರವೇ ಜೇಡಿ. ಕಾಲು ಭಾಗಕ್ಕಿಂತ ಹೆಚ್ಚಿದ್ದರೆ ಕಲ್ಲುಪುಡಿ ಬೆರೆಸಿ ಶೇ 15ರ ಆಸುಪಾಸಿಗೆ ಇಳಿಸಿ. ಇಲ್ಲದಿದ್ದರೆ ಬ್ಲಾಕ್ ಒಣಗುವಾಗ ಬಿರುಕು ಬಿಡುತ್ತದೆ. ಸಿಮೆಂಟ್ ಶೇ 7. 230x190x100 ಮಿ.ಮೀ. ಬ್ಲಾಕ್ ಸುಮಾರು 8 ಕೆ.ಜಿ. ತೂಗುತ್ತದೆ, ಒಂದು ಚೀಲ ಸಿಮೆಂಟಿಗೆ 85–90 ಬ್ಲಾಕ್ ಬರುತ್ತದೆ. 190 ಮಿ.ಮೀ. ದಪ್ಪದ ಗೋಡೆಗೆ ಚದರ ಮೀಟರಿಗೆ 38 ಬೇಕು.

ಹೆಚ್ಚು ಕೆಡುವುದು ಎರಡು ಕಡೆ. ನೀರು ಹಾಕಿ ಕಲಸಿದ ಮೇಲೆ ಅರ್ಧ ಗಂಟೆಯೊಳಗೆ ಒತ್ತಿ ಮುಗಿಸಬೇಕು, ಊಟಕ್ಕೆ ಹೋಗಿ ಬಂದು ಒತ್ತಿದ ಬ್ಲಾಕಿನ ಅಂಚು ಉದುರುತ್ತದೆ. ಇನ್ನೊಂದು, ನೆರಳಲ್ಲಿ ಗೋಣಿತಾಟು ಹೊದಿಸಿ 21 ದಿನ ನೀರು ಹಾಕುವುದನ್ನು ತಪ್ಪಿಸುವುದು. ಮಾದರಿಗೆ ನಾಲ್ಕು ಬ್ಲಾಕನ್ನು ಎರಡು ದಿನ ನೀರಲ್ಲಿ ಮುಳುಗಿಸಿಡಿ, ಮೂಲೆ ಉಗುರಿಗೆ ಕಿತ್ತು ಬಂದರೆ ಆ ಮಿಶ್ರಣ ಬೇಡ.

ಮುಂದೆ ಸೇರಿಸುವ ಕೋಣೆಗೆಂದು ಗೋಡೆಯಲ್ಲಿ ಹಲ್ಲು (ಹೊಸ ಗೋಡೆ ಹೆಣೆಯಲು ಒಂದು ಬಿಟ್ಟು ಒಂದು ಚಾಚಿದ ಬ್ಲಾಕ್) ಬಿಡಬೇಡಿ. ಹೊಸ ತಳಪಾಯ ಕುಸಿದು ಕೂರುವಾಗ ಹಳೆ ಗೋಡೆಯನ್ನೂ ಎಳೆದು ಸೀಳುತ್ತದೆ. ನಡುವೆ 12 ಮಿ.ಮೀ. ಸಂದು ಬಿಟ್ಟು ಟಾರ್ ಹೀರಿಸಿದ ನಾರಿನ ಹಲಗೆ ತುಂಬಿ, ಬಾಗಿಲ ಜಾಗಕ್ಕೆ ಈಗಲೇ ಲಿಂಟಲ್ ಹಾಕಿಬಿಡಿ.

ನೀರ್ಗಾಲುವೆ: ಮಣ್ಣು ತೆಗೆದ ಗುಂಡಿಯನ್ನು ಮುಚ್ಚಬೇಡಿ. ಆರು ಮನೆಗೆ ಅರ್ಧದಷ್ಟು ಕಲ್ಲುಪುಡಿ ಬೆರೆಸಿದರೂ 55–60 ಘನ ಮೀಟರ್ ಮಣ್ಣು ಹೋಗುತ್ತದೆ, ಅಂದರೆ ಅಷ್ಟೇ ಸಾವಿರ ಲೀಟರಿನ ಕೃಷಿಹೊಂಡ. ಹಾಗಾಗಿ ತಗ್ಗಿನ ಕಡೆಯೇ ಅಗೆಯಿರಿ. ಕೆಂಪುಮಣ್ಣಲ್ಲಿ ನೀರು ಇಂಗುತ್ತದೆ. ನಿಲ್ಲಬೇಕಾದರೆ 500 ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ ಹಾಸಿ, ಮಕ್ಕಳಿರುವ ಜಾಗ, ಬೇಲಿ ಕಟ್ಟದೆ ಬಿಡಬೇಡಿ.

ಆರು ಸೂರಿನದು 360 ಚದರ ಮೀಟರ್, ವರ್ಷಕ್ಕೆ 700 ಮಿ.ಮೀ. ಮಳೆ ಹಿಡಿದರೆ, ಸೋರಿಕೆ ಕಳೆದು 2 ಲಕ್ಷ ಲೀಟರ್. ಮಳೆ ಬಂದಾಗ ಪ್ರತಿ ಮನೆಯ ಸೂರಿನಿಂದ ಬೀಳುವ ಮೊದಲ 120 ಲೀಟರ್ ಕೊಳೆ ನೀರು, ಅದನ್ನು ಹೊರಗೆ ಬಿಡಿ.

ಬೇಸಿಗೆಯಲ್ಲಿ ತರಕಾರಿಗೆ ಚದರ ಮೀಟರಿಗೆ ದಿನಕ್ಕೆ 4–5 ಲೀಟರ್ ಬೇಕು. 4 ಗುಂಟೆಗೇ 1,600–2,000 ಲೀಟರ್ ಆಯಿತು. ಅದಕ್ಕಿಂತ ಹೆಚ್ಚು ಬೇಡ. ಉಳಿದ ನೆಲದಲ್ಲಿ ಮಳೆಗೆ ರಾಗಿ, ಅವರೆ, ತೊಗರಿ ಹಾಕಿ.

ಬಚ್ಚಲ ನೀರು ದಿನಕ್ಕೆ ಸುಮಾರು 1,700 ಲೀಟರ್ ಸಿಗಬಹುದು. ಅದು ಬಾಳೆ, ಪಪ್ಪಾಯಿ, ತೆಂಗಿಗೆ ಹೋಗಲಿ. ಮೂಲಂಗಿ, ಸೊಪ್ಪಿಗೆ ಬೇಡ. ಅಡುಗೆಮನೆ ನೀರಿಗೆ ಜಿಡ್ಡು ಹಿಡಿಯುವ ತೊಟ್ಟಿ ಮೊದಲು, ಆಮೇಲೆ ನೀರು ಸೋಸಲು ಜಲ್ಲಿ ತುಂಬಿದ ಕಾಬಾಳೆ (ಕ್ಯಾನಾ ಹೂಗಿಡ) ಮಡಿ. ಒಂದು ದಿನಕ್ಕಿಂತ ಹೆಚ್ಚು ಶೇಖರಿಸಿದರೆ ನಾರುತ್ತದೆ. ಸೋಡಾ ಪುಡಿಯಿಂದ ಬಟ್ಟೆ ಒಗೆದ ನೀರು ಸತತ ಬಿದ್ದರೆ ಮಣ್ಣು ಗಟ್ಟಿಯಾಗುತ್ತದೆ.

ಹೊಲಮನೆ: ತುಂಬಾ ಉಪಕಾರವಾಯ್ತು. ಮಡಿಗಳನ್ನು ಮನೆ ಗೋಡೆಗೆ ಅಂಟಿಸಿದರೆ ಜಾಗ ಉಳಿಯುತ್ತಲ್ವಾ?

ಮಣ್ಣುಗಾರೆ: ಬೇಡ. ಗೋಡೆಯಿಂದ ಕನಿಷ್ಠ 5 ಅಡಿ ದೂರ ಇರಲಿ. ತೇವ ಹತ್ತುತ್ತದೆ, ಹಿಂದೆಯೇ ಗೆದ್ದಲೂ ಬರುತ್ತದೆ. ಪಾಯದ ಮೇಲೆ ಒಂದೂವರೆ ಅಡಿ ಸೈಜುಗಲ್ಲು, ಎರಡಡಿ ಚಾಚಿದ ಸೂರು ಬೇಕೇಬೇಕು.

ನೀರ್ಗಾಲುವೆ: ಮಡಿ 4 ಅಡಿ ಅಗಲವಿದ್ದರೆ ಎರಡೂ ಕಡೆಯಿಂದ ಕೈ ಎಟುಕುತ್ತದೆ. ಒಟ್ಟಿಗೆ ಬೆಳೆದರೂ ಪ್ರತಿ ಮನೆಗೆ ಎರಡು ಮಡಿ ವಹಿಸಿ, ಆ ಸಾಲಿನ ಡ್ರಿಪ್ಪಿಗೆ ಬೇರೆ ವಾಲ್ವ್ ಇಡಿ. ಒಂದೇ ವಾಲ್ವ್ ಇದ್ದರೆ ಯಾರೂ ಮುಚ್ಚುವುದಿಲ್ಲ, ಹೊಂಡ ಖಾಲಿ. ಅಗೆಯುವ ಮೊದಲೇ ಮನೆ ಬರುವ ಜಾಗದ ಭೂಪರಿವರ್ತನೆ ಅರ್ಜಿ ಹಾಕಿ, 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಅದಕ್ಕೇ ಇರುವುದು.