ಸಿನರ್ಜಿಸ್ಟಿಕ್ ಎನ್ನುವುದಕ್ಕೆ ‘ಸಂಚಿತ ಪರಿಣಾಮ’ ಸರಿಯೇ?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ಕೆರೆಗಳಲ್ಲಿ ಮೀನು ಸಾಯುವುದರ ಬಗ್ಗೆ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇವೆ. ಕೊಳಚೆ, ಕೀಟನಾಶಕಗಳ ಜೊತೆಗೆ ಬಿಸಿಲು, ಬರ, ಹಸಿವುಗಳೂ ಸೇರಿದಾಗ ಜೀವಿಗಳ ಮೇಲಾಗುವ ಸಿನರ್ಜಿಸ್ಟಿಕ್ ಎಫೆಕ್ಟ್‌ಗೆ ‘ಸಂಚಿತ ಪರಿಣಾಮ’ ಎಂದೂ ಸ್ಟ್ರೆಸ್‌ಗೆ ‘ಒತ್ತಡ’ ಎಂದೂ ಬರೆದಿದ್ದೇವೆ. ಸರಿಯೇ? ‘ಬರಗಾಲದಲ್ಲಿ ಅಧಿಕ ಮಾಸ’ ಎಂಬ ಗಾದೆಯನ್ನು ಶೀರ್ಷಿಕೆ ಮಾಡಬಹುದೇ?

ಉತ್ತರ:

‘ಸಂಚಿತ’ ಇಲ್ಲಿ ಹೊಂದುವುದಿಲ್ಲ. ಸಂಚಿತ ಕರ್ಮ, ಸಂಚಿತ ನಿಧಿ ಎಂದಾಗ ಕಾಲಕಾಲಕ್ಕೆ ಕೂಡುತ್ತ ಬಂದದ್ದು ಎಂದೇ ಅರ್ಥ. ಡಿಡಿಟಿ ಕೀಟನಾಶಕದ ಅಂಶ ಹದ್ದಿನ ಕೊಬ್ಬಿನಲ್ಲಿ ವರ್ಷಗಟ್ಟಲೆ ಸೇರುತ್ತ ಹೋಗುವುದಕ್ಕೆ ಆ ಪದ ಸರಿ. ನಿಮ್ಮ ಕೈಪಿಡಿಯ ವಿಷಯ ಬೇರೆ: ಎರಡು ಕಾಟಗಳು ಒಟ್ಟಿಗೆ ಬಂದು ಒಂದರಿಂದ ಇನ್ನೊಂದು ಜೋರಾಗುವುದು. ಅದಕ್ಕೆ ‘ವರ್ಧಕ ಪರಿಣಾಮ’ ಎನ್ನಿ.

ಲೆಕ್ಕ ಹಾಕಿದರೆ ವ್ಯತ್ಯಾಸ ಕಾಣುತ್ತದೆ. 100 ಮೀನುಗಳಲ್ಲಿ ವಿಷವೊಂದರಿಂದಲೇ 10, ಸೆಕೆಯೊಂದರಿಂದಲೇ 10 ಸಾಯುತ್ತವೆ ಎಂದಿಟ್ಟುಕೊಳ್ಳಿ. ಎರಡೂ ತಮ್ಮ ಪಾಡಿಗೆ ತಾವು ಕೆಲಸ ಮಾಡಿದರೆ 19 ಸಾಯಬೇಕು: ಮೊದಲು 10, ಉಳಿದ 90ರಲ್ಲಿ 9. ಇದು ‘ಕೂಡು ಪರಿಣಾಮ’. 19ರ ಬದಲು 50 ಸತ್ತರೆ ಮಾತ್ರ ವರ್ಧಕ. ಅಧಿಕ ಮಾಸವಾದರೋ ಬರಕ್ಕೆ ಒಂದು ತಿಂಗಳನ್ನು ಸೇರಿಸುತ್ತದೆ, ಬರದ ಉರಿಯನ್ನು ಹೆಚ್ಚಿಸುವುದಿಲ್ಲ. ಹಾಗಾಗಿ ಅದು ಕೂಡು ಪರಿಣಾಮದ ಗಾದೆ, ಶೀರ್ಷಿಕೆಗೆ ಬೇಡ.

‘ಇಮ್ಮಡಿ ಪರಿಣಾಮ’ ಎಂಬುದೂ ಕೆಲವೆಡೆ ಕಾಣುತ್ತದೆ. ಎಷ್ಟು ಮಡಿ ಎಂಬುದು ಜೀವಿಯಿಂದ ಜೀವಿಗೆ ಬದಲಾಗುವುದರಿಂದ ಅದೂ ಸರಿಹೋಗದು. ಅಮೆರಿಕದ ವಿಜ್ಞಾನಿಗಳಾದ ರಿಲಿಯಾ ಮತ್ತು ಮಿಲ್ಸ್ 2001ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾರ್ಬರಿಲ್ ಕೀಟನಾಶಕ ಬೆರೆಸಿದ ನೀರಿನಲ್ಲಿ ಮರಗಪ್ಪೆಯ ಗೊದಮೊಟ್ಟೆಗಳಿದ್ದವು. ಅವನ್ನು ತಿನ್ನುವ ಸಲಮಾಂಡರ್ (ಹಲ್ಲಿಯಾಕಾರದ ಉಭಯಚರ) ಅದೇ ನೀರಿನಲ್ಲಿ, ಆದರೆ ಪಂಜರದೊಳಗೆ. ಗೊದಮೊಟ್ಟೆಗಳಿಗೆ ತಲುಪುತ್ತಿದ್ದದ್ದು ಅದರ ವಾಸನೆ ಮಾತ್ರ. ಅಷ್ಟಕ್ಕೇ ಕೀಟನಾಶಕ 2ರಿಂದ 4 ಪಟ್ಟು ಮಾರಕವಾಯಿತು. ಮುಂದೆ 2003ರಲ್ಲಿ ರಿಲಿಯಾ ಬೇರೆ ಕಪ್ಪೆ ಜಾತಿಗಳನ್ನು ಪರೀಕ್ಷಿಸಿದಾಗ ಕೆಲವು ಜಾತಿಗಳಲ್ಲಿ ಮಾರಕತೆ ಏನೂ ಹೆಚ್ಚಲಿಲ್ಲ, ದೊಡ್ಡ ಗಾತ್ರದ ಕಪ್ಪೆಯಾದ ಬುಲ್‌ಫ್ರಾಗ್‌ನಲ್ಲಿ 46 ಪಟ್ಟು ಹೆಚ್ಚಿತು.

ನಿಮ್ಮ ಕೆರೆಗಳ ವಿಷಯಕ್ಕೆ ಬಂದರೆ, ‘ಸೆಕೆ ಮತ್ತು ಅಮೋನಿಯಾ ಸೇರಿ ಮೀನುಗಳನ್ನು ಕೊಲ್ಲುತ್ತವೆ’ ಎಂದು ಬರೆದು ಕೈತೊಳೆದುಕೊಳ್ಳಬೇಡಿ. ಯಾವುದು ಯಾವುದಕ್ಕೆ ಏನು ಮಾಡುತ್ತದೆ ಎಂದು ಕ್ರಿಯಾಪದವೇ ಹೇಳಬೇಕು. 20 ಡಿಗ್ರಿಯಲ್ಲಿ ಲೀಟರ್ ನೀರು ಸುಮಾರು 9.1 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಹಿಡಿಯುವುದು ಸುಮಾರು 7.5. ಮೀನಿಗೋ ಸೆಕೆಯಲ್ಲಿ ಆಮ್ಲಜನಕ ಹೆಚ್ಚು ಬೇಕು. ಅದಕ್ಕಾಗಿ ಕಿವಿರುಗಳ ಮೇಲೆ ಹೆಚ್ಚು ನೀರು ಹರಿಸುತ್ತದೆ, ಆ ನೀರಿನ ಜೊತೆ ವಿಷವೂ ಹೆಚ್ಚು ಒಳಗೆ ಹೋಗುತ್ತದೆ. ಕೊಳಚೆಯಿಂದ ಕೊಬ್ಬಿದ ಪಾಚಿ ಹಗಲಿನಲ್ಲಿ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನೀರಿನ ಪಿಎಚ್ (ಆಮ್ಲ-ಕ್ಷಾರಗುಣದ ಅಳತೆ) ಏರಿಸುತ್ತದೆ. 30 ಡಿಗ್ರಿಯ ನೀರಿನಲ್ಲಿ ಪಿಎಚ್ 7 ಇದ್ದಾಗ ಕೊಳಚೆಯಿಂದ ಬಂದ ಒಟ್ಟು ಅಮೋನಿಯಾದಲ್ಲಿ ಶೇ 1ಕ್ಕಿಂತ ಕಡಿಮೆ ಭಾಗವಷ್ಟೇ ವಿಷರೂಪದಲ್ಲಿರುತ್ತದೆ. ಪಿಎಚ್ 8ರಲ್ಲಿ ಅದು ಸುಮಾರು ಶೇ 7.5, ಪಿಎಚ್ 9ರಲ್ಲಿ ಸುಮಾರು ಶೇ 45. ಹೊಸದಾಗಿ ಒಂದು ತೊಟ್ಟು ಕೊಳಚೆ ಸೇರದಿದ್ದರೂ ಮಧ್ಯಾಹ್ನದ ಹೊತ್ತಿಗೆ ಅದೇ ನೀರು ವಿಷವಾಗುತ್ತದೆ. ರಾತ್ರಿ ಅದೇ ಪಾಚಿ ಆಮ್ಲಜನಕವನ್ನು ಬಳಸಿಕೊಳ್ಳುವುದರಿಂದ ಹೊತ್ತು ಮೂಡುವ ಮುಂಚೆ ಆಮ್ಲಜನಕ ತಳ ಮುಟ್ಟಿ, ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ.

ಕೈಪಿಡಿಯಲ್ಲಿ ಇದನ್ನು ದಪ್ಪಕ್ಷರದಲ್ಲಿ ಹಾಕಿ: ಆಮ್ಲಜನಕವನ್ನು ಸೂರ್ಯೋದಯಕ್ಕೆ ಮುಂಚೆ, ಪಿಎಚ್ ಮತ್ತು ಉಷ್ಣಾಂಶವನ್ನು ಮಧ್ಯಾಹ್ನ 3ರ ಸುಮಾರಿಗೆ ಅಳೆಯಬೇಕು. ಬೆಳಗ್ಗೆ 11ಕ್ಕೆ ಅಳೆದರೆ ಆಮ್ಲಜನಕ, ಪಿಎಚ್ ಎರಡೂ ಚೆನ್ನಾಗಿರುವಂತೆ ತೋರಿ, ಸಾವಿಗೆ ಕಾರಣವೇ ಸಿಗದೆ ಹೋಗಬಹುದು. ನೀರು ಪರೀಕ್ಷಿಸುವ ಸಾಮಾನ್ಯ ಕಿಟ್‌ಗಳು ಕೊಡುವುದು ಒಟ್ಟು ಅಮೋನಿಯಾವನ್ನು. ಪಿಎಚ್, ಉಷ್ಣಾಂಶ ಗೊತ್ತಿಲ್ಲದಿದ್ದರೆ ಆ ಅಂಕಿಯಿಂದ ಪ್ರಯೋಜನವಿಲ್ಲ.

‘ಒತ್ತಡ’ ಮನಶ್ಶಾಸ್ತ್ರದಲ್ಲಿ ನೆಲೆಯೂರಿದೆ, ಇಲ್ಲಿ ತೊಡಕು. ‘ಆಮ್ಲಜನಕದ ಒತ್ತಡ’ ಎಂದರೆ ಅನಿಲದ ಒತ್ತಡವೋ ಆಮ್ಲಜನಕ ಸಾಲದ ಕಷ್ಟವೋ? ರೈತರಲ್ಲಿ ಕೀಟಬಾಧೆ, ರೋಗಬಾಧೆ ಎಂಬ ಬಳಕೆ ಆಗಲೇ ಇರುವುದರಿಂದ ಸ್ಟ್ರೆಸ್‌ಗೆ ‘ಬಾಧೆ’, ಅದನ್ನು ಉಂಟುಮಾಡುವ ಸ್ಟ್ರೆಸರ್‌ಗೆ ‘ಬಾಧಕ’ ಹಾಕಬಹುದು. ‘ನಿಸರ್ಗದ ಬಾಧಕಗಳು’ ಎಂದರೆ ಬಿಸಿಲು, ಬರ, ಹಸಿವು, ಬೇಟೆಗಾರ ಪ್ರಾಣಿ ಎಲ್ಲವೂ ಒಂದೇ ಮಾತಿನಲ್ಲಿ ಬರುತ್ತವೆ.