ತಂಗೀ, ಮೊದಲು ಆ ಪಿನ್ನು ಎಲ್ಲಿದೆ ಅಂತ ಕೇಳು

ತಂಗೀ, ಬೆಳಿಗ್ಗೆ ನೀನು ಹಾಕಿದ್ದು ಈಗ ನೋಡ್ದೆ. "ಅಣ್ಣಾ, ನಿನ್ನ ಅಳಿಯ ಅಪ್ಪನ ಹಳೇ ಬೈಕನ್ನ ಪೂರ್ತಿ ಬಿಚ್ಚಿ ಹರಡಿದಾನೆ, ಭಾನುವಾರ ಗ್ರೈಂಡರ್ ತಂದು ಹಿಂದಿನ ಫ್ರೇಮ್ ಕತ್ತರಿಸಿ ಸಿಂಗಲ್ ಸೀಟ್ ಕೂರಿಸ್ತಾನಂತೆ, ಭಯ ಆಗ್ತಿದೆ, ಬೇಡ ಅನ್ನಲಾ" ಅಂತ ಕೇಳಿದೀಯ. ಟೈಪ್ ಮಾಡ್ತಾ ಕೂತ್ರೆ ಹೊತ್ತು ಮುಳುಗುತ್ತೆ, ಬಾಯಲ್ಲೇ ಹೇಳ್ತೀನಿ. ಅವನಿಗೂ ಕೇಳಿಸು.

ಫೋಟೋದಲ್ಲಿ ಟ್ಯಾಂಕ್ ಉಜ್ಜಿ ಕನ್ನಡಿ ಮಾಡಿದಾನೆ, ಚೆನ್ನಾಗಿದೆ. ಆದ್ರೆ ನನ್ನ ಕಣ್ಣು ಹೋಗಿದ್ದು ಗೋಡೆಗೆ ಒರಗಿಸಿರೋ ಹಿಂದಿನ ಚಕ್ರದ ಹತ್ರ. ನೆಲದ ಮೇಲೆ ಉದ್ದಕ್ಕೆ ಒಂದು ಕಬ್ಬಿಣದ ಪಟ್ಟಿ ಬಿದ್ದಿದೆ ನೋಡು, ಎರಡು ಕೊನೆಗೂ ತೂತು. ಅದನ್ನ ಕಂಡ ಕೂಡಲೇ ನಂಗೆ ಕೈಕಾಲು ತಣ್ಣಗಾಯ್ತು.

ನಾನು ಮಾಡಿದ್ದೂ ಇದೇ ಅಲ್ವಾ. ಇದೇ ಗಾಡಿ. ಅಪ್ಪ ಊರಲ್ಲಿ ಇಲ್ಲದ ನಾಲ್ಕು ದಿನ. ಕೈಲಿದ್ದಿದ್ದು ಎರಡು ಸ್ಪ್ಯಾನರು, ಒಂದು ಇಕ್ಕಳ, ಒಂದು ಸುತ್ತಿಗೆ. ಹಿಂದಿನ ಚಕ್ರ ಬಿಚ್ಚಿ, ಬ್ರೇಕ್ ಪ್ಲೇಟು, ಆ ಪಟ್ಟಿ, ಎಲ್ಲಾನೂ ಉಪ್ಪುಕಾಗದದಲ್ಲಿ ಉಜ್ಜಿ ಕಪ್ಪು ಬಣ್ಣ ಹೊಡೆದೆ. ನಟ್ಟು, ಪಿನ್ನು ಎಲ್ಲಾ ಒಂದು ಡಬ್ಬಿ ಮುಚ್ಚಳದಲ್ಲಿ ಸೀಮೆಎಣ್ಣೆ ಹಾಕಿ ನೆನೆಸಿಟ್ಟಿದ್ದೆ. ವಾಪಸ್ ಜೋಡಿಸಿದೆ, ನಟ್ಟು ಬಿಗಿಯಾಗೇ ಹಾಕಿದೆ. ಎಂಟು ದಿನ ಓಡಿಸಿದೆ, ಏನೂ ಆಗ್ಲಿಲ್ಲ. ಒಂಬತ್ತನೇ ದಿನ ಚಿಕ್ಕೋನನ್ನ ಹಿಂದೆ ಕೂರಿಸ್ಕೊಂಡು ಹೋಗ್ತಿದ್ದೆ, ಎದುರಿಗೆ ಹಸು ಬಂತು, ಹಿಂದಿನ ಬ್ರೇಕ್ ಒತ್ತಿದೆ. ಕಟಕ್ ಅಂತ ಸದ್ದು. ಚಕ್ರ ಅಲ್ಲೇ ಕಚ್ಚಿಕೊಳ್ತು. ಆಮೇಲೆ ನೆನಪಿರೋದು ಬಾಯಲ್ಲಿ ಮಣ್ಣು, ಅವನ ಕೂಗು.

ಯಾಕೆ ಹಾಗಾಯ್ತು ಅಂತ ಹುಡುಗನಿಗೆ ಗೊತ್ತಾಗ್ಬೇಕು. ಡ್ರಮ್ ಬ್ರೇಕ್ ಒತ್ತಿದಾಗ ಒಳಗಿನ ಶೂಗಳು, ಅಂದ್ರೆ ಅರ್ಧಚಂದ್ರದ ಥರದ ಎರಡು ತುಂಡು, ಚಕ್ರದ ಜೊತೆ ತಿರುಗೋ ಡ್ರಮ್ಮಿಗೆ ಅಮರಿಕೊಳ್ತವೆ. ತಿರುಗ್ತಿರೋ ಡ್ರಮ್ಮು ಶೂಗಳನ್ನ, ಅವು ಕೂತಿರೋ ಪ್ಲೇಟನ್ನ, ತನ್ನ ಜೊತೆಗೇ ಸುತ್ತಿಸೋಕೆ ನೋಡುತ್ತೆ. ಸುತ್ತದ ಹಾಗೆ ಹಿಡಿದಿರೋದು ಆ ಪಟ್ಟಿ ಒಂದೇ. ಅದರ ಒಂದು ಕೊನೆ ಪ್ಲೇಟಿಗೆ, ಇನ್ನೊಂದು ಸ್ವಿಂಗ್ ಆರ್ಮ್‌ಗೆ, ಅಂದ್ರೆ ಹಿಂದಿನ ಚಕ್ರ ಹಿಡಿದಿರೋ ಕವಲಿಗೆ. ಬೋಲ್ಟು ಕಳಚಿದ್ರೆ ಪ್ಲೇಟು ಗಿರ್ರಂತ ತಿರುಗಿ ಬ್ರೇಕ್ ರಾಡನ್ನ ಸೊಟ್ಟ ಮಾಡಿ ಎಳೆದುಬಿಡುತ್ತೆ. ನಟ್ಟು ಅಲುಗಾಟಕ್ಕೆ ಸಡಿಲ ಆದ್ರೂ ಬಿದ್ದುಹೋಗದೆ ಇರ್ಲಿ ಅಂತಾನೇ ಬೋಲ್ಟಿನ ತುದೀಲಿ ತೂತು, ಅದಕ್ಕೊಂದು ಸ್ಪ್ಲಿಟ್ ಪಿನ್ನು, ಅಂದ್ರೆ ತೂರಿಸಿ ಎರಡೂ ಕಾಲು ಬಗ್ಗಿಸೋ ತಂತಿ ಪಿನ್ನು. ಆ ಪಿನ್ನು ಹಾಕದೆ ಗಾಡಿ ಗೇಟು ದಾಟಬಾರದು. ನನ್ನ ಪಿನ್ನು ಮಾರನೇ ದಿನ ಅಪ್ಪನ ಕೈಗೆ ಸಿಕ್ತು, ಅದೇ ಮುಚ್ಚಳದ ಸೀಮೆಎಣ್ಣೆ ತಳದಲ್ಲಿ. ಎರಡು ಬೆರಳಲ್ಲಿ ಹಿಡಿದು ಬೆಳಕಿಗೆ ತೋರಿಸಿದ್ರು. ಒಂದು ಮಾತೂ ಆಡ್ಲಿಲ್ಲ.

ಅಪ್ಪ ನೋಡಿದ್ರು, ನಾನು ನೋಡ್ದೆ, ಇನ್ಯಾರೂ ನೋಡ್ಲಿಲ್ಲ. ಅದಕ್ಕೇ ಇವತ್ತಿಗೂ ಮನೇಲಿ ಎಲ್ಲರೂ ಹೇಳೋದು, ದೊಡ್ಡೋನು ಜೋರಾಗಿ ಓಡಿಸಿ ತಮ್ಮನ ಮಂಡಿ ಮುರಿದ ಅಂತ. ಚಿಕ್ಕೋನೇ, ನೀನೂ ಈ ಗ್ರೂಪಲ್ಲಿ ಇದೀಯ, ಕೇಳಿಸ್ಕೊ. ನಾನು ಜೋರಾಗಿ ಹೋಗ್ತಿರ್ಲಿಲ್ಲ ಕಣೋ. ತಪ್ಪು ನಂದೇ, ಆದ್ರೆ ಆ ತಪ್ಪು ಬೇರೆ. ಇಷ್ಟು ವರ್ಷದಲ್ಲಿ ನಡೆದಿದ್ದೇನು ಅಂತ ಒಬ್ಬರಾದ್ರೂ ನನ್ನ ಕೂರಿಸಿ ಕೇಳಿದೀರಾ? ಅಪ್ಪನ ಪಾನಾ ಪೆಟ್ಟಿಗೇನ ನಾನಿಲ್ಲದಾಗ ಗುಜರಿಗೆ ಹಾಕಿದ್ರಿ, "ಅದರಿಂದಲೇ ಅಲ್ವಾ ಆಗಿದ್ದು" ಅಂತ. ಅದರಲ್ಲಿ ಅಪ್ಪ ಒಂದೊಂದು ಅಳತೆ ಪಿನ್ನೂ ಬೇರೆ ಬೇರೆ ಪೊಟ್ಟಣ ಕಟ್ಟಿಟ್ಟಿದ್ರು, ಮೇಲೆ ಅವರ ಅಕ್ಷರ. ಆ ಪೆಟ್ಟಿಗೆ ಇದ್ದಿದ್ರೆ ಇವತ್ತು ನಾನೇ ಹೊತ್ಕೊಂಡು ಬಂದು ಹುಡುಗನ ಪಕ್ಕ ಕೂರ್ತಿದ್ದೆ.

ಇರ್ಲಿ. ಮತ್ತೆ ಹೇಳ್ತೀನಿ, ಪಿನ್ನು ಹಾಕದೆ ಗೇಟು ದಾಟಬಾರದು. ಹಳೇದನ್ನೇ ನೆಟ್ಟಗೆ ಮಾಡಿ ಮತ್ತೆ ಹಾಕೋದೂ ಬೇಡ, ಬಗ್ಗಿಸಿ ಬಗ್ಗಿಸಿ ಅದರ ಜೀವ ಹೋಗಿರುತ್ತೆ. ಪ್ರತಿ ಸಲ ಹೊಸದು.

ಅಯ್ಯೋ, ನೀನು ಕೇಳಿದ್ದು ಫ್ರೇಮಿನ ವಿಷಯ ಅಲ್ವಾ. ಬೇಡ ಅನ್ನಬೇಡ, ನಿಲ್ಲಿಸಿದ್ರೆ ಕದ್ದು ಮಾಡ್ತಾನೆ. ಆದ್ರೆ ಈ ಭಾನುವಾರ ಗ್ರೈಂಡರ್ ಬೇಡ. ಹಿಂದಿನ ಶಾಕ್ ಅಬ್ಸಾರ್ಬರುಗಳ ಮೇಲ್ತುದಿ ಕೂತಿರೋದು ಆ ಫ್ರೇಮಿನ ಮೇಲೇ, ಅಲ್ಲಿ ಕತ್ತರಿಸಿದ್ರೆ ಭಾರ ಹೊರೋಕೆ ಏನೂ ಉಳಿಯಲ್ಲ. ಮೊದಲು ಇರೋ ಫ್ರೇಮಿನ ಮೇಲೇ ಪ್ಲೈವುಡ್ಡಿನಲ್ಲಿ ಸೀಟಿನ ತಳ ಮಾಡಿ ಕೂತು ನೋಡ್ಲಿ, ಎಷ್ಟೋ ಸಲ ಅಷ್ಟೇ ಸಾಕಾಗುತ್ತೆ. ಕತ್ತರಿಸಲೇಬೇಕು ಅಂದ್ರೆ ಶಾಕ್ ಕೂತಿರೋ ಜಾಗಕ್ಕಿಂತ ಹಿಂದೆ ಮಾತ್ರ, ವೆಲ್ಡಿಂಗ್ ಕಲಿತವನ ಕೈಲೇ. ಅದಕ್ಕೆ ಮುಂಚೆ ಬ್ಯಾಟರಿ ತೆಗೀಬೇಕು, ಬ್ಯಾಟರಿಯಿಂದ ಫ್ರೇಮಿಗೆ ಕಟ್ಟಿರೋ ವೈರು ಮೊದಲು ಬಿಚ್ಚಿ, ಜೋಡಿಸೋವಾಗ ಕೊನೆಗೆ ಹಾಕ್ಬೇಕು. ಟ್ಯಾಂಕು ಬೇರೆ ಕಡೆ ಇಡ್ಲಿ. ಖಾಲಿ ಇದೆ ಅಂತ ಧೈರ್ಯ ಬೇಡ, ಪೆಟ್ರೋಲ್ ಆವಿ ಮೈನಸ್ 40 ಡಿಗ್ರಿ ಚಳೀಲೂ ಕಿಡಿ ತಾಗಿದ್ರೆ ಹೊತ್ತಿಕೊಳ್ಳುತ್ತೆ, ಗಾಳಿಗಿಂತ ಭಾರ ಇರೋದ್ರಿಂದ ನೆಲ ಹಿಡಿದು ಹರಡುತ್ತೆ.

ಚಕ್ರ ಕೂರಿಸಿದ ಮೇಲೆ ಸ್ಟಾರ್ಟ್ ಮಾಡದೆ ಕೈಲಿ ತಳ್ಳಿಕೊಂಡು ಹತ್ತು ಸಲ ಬ್ರೇಕ್ ಒತ್ತಿ ನೋಡ್ಲಿ, ಯಾರನ್ನೂ ಹಿಂದೆ ಕೂರಿಸೋದು ಬೇಡ. ಆಮೇಲೆ ಆ ಪಟ್ಟಿಯ ಎರಡೂ ಕೊನೆಯ ಬೋಲ್ಟು ಹತ್ತಿರದಿಂದ ಕಾಣೋ ಹಾಗೆ ಫೋಟೋ ತೆಗೆದು ಇಲ್ಲೇ ಹಾಕ್ಲಿ. ರಾತ್ರಿ ಎಷ್ಟು ಹೊತ್ತಾದ್ರೂ ನಾನು ನೋಡ್ತೀನಿ.