ಅಪ್‌ಡೇಟ್: ಹಾಯಿದೋಣಿಯವರ ಕೂಟಕ್ಕೆ ಹೋಗಿ ಬಂದೆವು

ಹೋದ ವಾರ ಕೇಳಿದ್ದೆನಲ್ಲ, ಅಮೆರಿಕದ ಮೇರಿಲ್ಯಾಂಡ್‌ನ ವೈ ನದಿಯಲ್ಲಿ ಹಾಯಿದೋಣಿ ಇಟ್ಟುಕೊಂಡವರೆಲ್ಲ ದೋಣಿಗೆ ದೋಣಿ ಕಟ್ಟಿ ಸೇರುತ್ತಾರೆ, ನಮ್ಮನ್ನೂ ಕರೆದಿದ್ದಾರೆ, ಏನು ತಯಾರಿ ಬೇಕು ಅಂತ. ಹೋಗಿ ಬಂದೆವು. ತುಂಬಾ ಖುಷಿಯಾಯಿತು.

ಎರಡೂ ಬದಿಗೆ ಫೆಂಡರ್ (ದೋಣಿಗೆ ದೋಣಿ ಉಜ್ಜದಂತೆ ನೇತುಹಾಕುವ ಮೆತ್ತೆ) ಕಟ್ಟಿಕೊಂಡೇ ಹೋಗಿ ಅಂದವರಿಗೆ ದೊಡ್ಡ ನಮಸ್ಕಾರ. ನಾವು ನಮ್ಮ ದೋಣಿಯನ್ನು ಪಕ್ಕದ್ದಕ್ಕೆ ಕಟ್ಟಿದ 10 ನಿಮಿಷಕ್ಕೇ ಇನ್ನೊಂದು ಬದಿಗೆ ಬೇರೆ ದೋಣಿ ಬಂತು. ಚಿತ್ರಾನ್ನದ ಸಲಹೆಯೂ ಚೆನ್ನಾಗಿತ್ತು, ಬಿಸಿ ಮಾಡೋ ತಾಪತ್ರಯವೇ ಇಲ್ಲ. ಅಲ್ಲೇ ಬಜ್ಜಿ ಕರಿಯೋದು ಮಾತ್ರ ಆಗಲಿಲ್ಲ. ಓಲಾಡುವ ದೋಣಿಯಲ್ಲಿ ಕಾದ ಎಣ್ಣೆ ಬೇಡವೇ ಬೇಡ.

ನನಗೆ ಗೊತ್ತೇ ಇಲ್ಲದ ವಿಷಯ ಒಂದಿತ್ತು. ಹಾಯಿಕಂಬಗಳು ನೇರ ಅಕ್ಕಪಕ್ಕ ಬರಬಾರದಂತೆ. ಪಕ್ಕದ ದೋಣಿಯ ಯಜಮಾನರು ಹಗ್ಗ ಬಿಚ್ಚಿಸಿ ನಮ್ಮ ದೋಣಿಯನ್ನು 3 ಅಡಿ ಹಿಂದಕ್ಕೆ ಸರಿಸಿದರು. ಸ್ವಲ್ಪ ಹೊತ್ತಿಗೆ ಮೋಟಾರು ಬೋಟೊಂದು ಹೋಗಿ ಅಲೆ ಎದ್ದಿತು. ಎರಡು ಕಂಬಗಳೂ ಒಂದರ ಕಡೆಗೊಂದು ವಾಲಿದವು, ಮೇಲಿನ ಅಡ್ಡಕೋಲುಗಳು ತಾಗದೆ ಪಾರಾದವು. ಆಗ ಅರ್ಥವಾಯಿತು.

ಈಜುವ ಆಸೆ ಇದ್ದರೆ ಜುಲೈ, ಆಗಸ್ಟ್ ಬೇಡ. ಈ ನದಿ ಸೇರುವ ಚೆಸಪೀಕ್ ಕೊಲ್ಲಿಯ ಕಡೆ ಆಗ ಕುಟುಕುವ ಜೆಲ್ಲಿ ಮೀನು ಜಾಸ್ತಿ. ಕತ್ತಲಾಗುವ ಮುಂಚೆ ಎಲ್ಲರೂ ಹಗ್ಗ ಬಿಚ್ಚಿ, ದೂರ ದೂರ ಲಂಗರು ಹಾಕಿ ಮಲಗಿದೆವು.